ಪರಿಚಯವಿಲ್ಲದ ಕೋಡ್‌ಬೇಸ್‌ ಅರ್ಥಮಾಡಿಕೊಳ್ಳುವ ಬಗೆ: ರೆಡಿಸ್ ಒಳಗಿನ ಒಂದು ಸುತ್ತು

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ಕೈಗೆ ಬರುವುದು ಯಾರೋ ಎಂಟು-ಹತ್ತು ವರ್ಷ ಬರೆದು ಬೆಳೆಸಿದ ಕೋಡ್. ಬಹುತೇಕರು ಮೊದಲ ಫೋಲ್ಡರ್ ತೆರೆದು, ಮೊದಲ ಫೈಲ್‌ನ ಮೊದಲ ಸಾಲಿನಿಂದ ಓದಲು ಕೂರುತ್ತಾರೆ. ಮೂರನೇ ಫೈಲ್ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಕೋಡನ್ನು ಕಾದಂಬರಿಯ ಹಾಗೆ ಓದಲಾಗದು, ಏಕೆಂದರೆ ಅದು ಬರೆದ ಕ್ರಮದಲ್ಲಿ ನಡೆಯುವುದೇ ಇಲ್ಲ. ಒಂದು ಪ್ರಶ್ನೆ ಹಿಡಿದು ಒಳಗೆ ಹೋಗಬೇಕು. ಉತ್ತರವನ್ನು ಮೊದಲು ಊಹಿಸಿ ಬರೆದಿಡಬೇಕು. ಆಮೇಲೆ ಪ್ರೋಗ್ರಾಂ ಓಡಿಸಿ ಊಹೆ ಸರಿಯೋ ತಪ್ಪೋ ನೋಡಬೇಕು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ಮೂರು ಕೆಲಸಗಳ ವಿಸ್ತರಣೆ.

ಗಾಳಿಯಲ್ಲಿ ಮಾತಾಡುವ ಬದಲು ನಿಜವಾದ ಒಂದು ಕೋಡ್‌ಬೇಸ್ ತೆಗೆದುಕೊಳ್ಳೋಣ. ರೆಡಿಸ್ 2009ರಲ್ಲಿ ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ ಆರಂಭಿಸಿದ, ಸಿ ಭಾಷೆಯ ಇನ್-ಮೆಮೊರಿ ಡೇಟಾಬೇಸ್ (ಡೇಟಾವನ್ನು ಮುಖ್ಯವಾಗಿ ಮೆಮೊರಿಯಲ್ಲೇ ಇಡುವಂಥದ್ದು). ಎರಡು-ಮೂರು ನಿಮಿಷದಲ್ಲಿ ಬಿಲ್ಡ್ ಆಗುತ್ತದೆ, ಕಾಮೆಂಟ್‌ಗಳು ಧಾರಾಳವಾಗಿವೆ, ಆದರೂ ದೊಡ್ಡ ಕೋಡ್‌ಬೇಸ್‌ಗಳಲ್ಲಿ ಎದುರಾಗುವ ತೊಡಕುಗಳೆಲ್ಲ ಇದರಲ್ಲಿವೆ. ಇಲ್ಲಿ ಫಂಕ್ಷನ್, ಫೈಲ್, ಆಜ್ಞೆಗಳ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಫಂಕ್ಷನ್ ಹೆಸರುಗಳ ನಡುವೆ ಖಾಲಿ ಜಾಗ ಬರುವುದಿಲ್ಲ, ಪ್ರತಿ ಹೊಸ ಪದ ದೊಡ್ಡಕ್ಷರದಿಂದ ಶುರುವಾಗುತ್ತದೆ.

ಮೊದಲು ಆವೃತ್ತಿಯನ್ನು ಕಟ್ಟಿಹಾಕಿ

ಗಿಟ್ ಬಳಸಿ ಕೋಡನ್ನು ಕ್ಲೋನ್ ಮಾಡುವಾಗ ಪೂರ್ತಿ ಇತಿಹಾಸ ತನ್ನಿ. "--ಡೆಪ್ತ್ 1" ಎಂದು ಕೊಟ್ಟರೆ ಡೌನ್‌ಲೋಡ್ ಬೇಗ ಮುಗಿಯುತ್ತದೆ ನಿಜ, ಆದರೆ ಮುಂದೆ ಬೇಕಾಗುವ ಬ್ಲೇಮ್ (ಯಾವ ಸಾಲನ್ನು ಯಾರು, ಯಾವಾಗ ಬರೆದರು), ಲಾಗ್ (ಬದಲಾವಣೆಗಳ ಪಟ್ಟಿ) ಎಲ್ಲ ಖಾಲಿ. ಬಳಿಕ ಒಂದು ಟ್ಯಾಗ್‌ಗೆ ಚೆಕ್‌ಔಟ್ ಮಾಡಿ. ಇಲ್ಲಿ 7.2.4 ಬಳಸುತ್ತೇವೆ. ಕಾರಣವಿದೆ: 2024ರ ಮಾರ್ಚ್‌ನಲ್ಲಿ ರೆಡಿಸ್ ಬಿಎಸ್‌ಡಿ ಪರವಾನಗಿ ಬಿಟ್ಟಿತು, ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಎಂಬ ಕವಲು ಹುಟ್ಟಿತು, ಅಲ್ಲಿಂದ ಎರಡೂ ಬೇರೆ ದಾರಿ ಹಿಡಿದವು. ಮುಖ್ಯ ಬ್ರಾಂಚ್‌ನಲ್ಲೇ ನಿಂತು ಓದುತ್ತಿದ್ದರೆ ನಾಳೆ ಪುಲ್ ಮಾಡಿದಾಗ ನೀವು ಗುರುತು ಹಾಕಿದ ಸಾಲು ಸಂಖ್ಯೆಗಳೆಲ್ಲ ಕದಲಿರುತ್ತವೆ. ಕಚೇರಿಯ ಕೋಡ್‌ಗೂ ಇದೇ ನಿಯಮ: ಪ್ರೊಡಕ್ಷನ್‌ನಲ್ಲಿ ಈಗ ಓಡುತ್ತಿರುವ ಕಮಿಟ್ ಯಾವುದು ಎಂದು ಕೇಳಿ, ಅದನ್ನೇ ತೆರೆಯಿರಿ.

ಓದುವ ಮುಂಚೆ ಓಡಿಸಿ

ಬಿಲ್ಡ್ ಆಗದ ಕೋಡ್ ಓದುವುದು ದಂಡ. ರೆಡಿಸ್‌ನಲ್ಲಿ ಬರೀ "ಮೇಕ್" ಎಂದರೆ ಸಾಕು, ಆದರೆ ಅಧ್ಯಯನಕ್ಕೆ "ಮೇಕ್ ನೋಆಪ್ಟ್" ಎಂದು ಕೊಡಿ. ಇದರಿಂದ ಕಂಪೈಲರ್‌ನ ಆಪ್ಟಿಮೈಸೇಶನ್ ಬಂದ್ ಆಗುತ್ತದೆ. ಇಲ್ಲವಾದರೆ ಡಿಬಗರ್‌ನಲ್ಲಿ ಎಷ್ಟೋ ಫಂಕ್ಷನ್‌ಗಳು ಒಂದರೊಳಗೊಂದು ಕರಗಿ ಕಾಣೆಯಾಗುತ್ತವೆ, ವೇರಿಯಬಲ್ ಕೇಳಿದರೆ "ಆಪ್ಟಿಮೈಸ್ಡ್ ಔಟ್" ಎಂಬ ಉತ್ತರ ಬರುತ್ತದೆ. ಹೊಸಬರು ಅರ್ಧ ದಿನ ಕಳೆದುಕೊಳ್ಳುವುದು ಇಲ್ಲೇ.

ಟೆಸ್ಟ್‌ಗಳನ್ನೂ ಈಗಲೇ ಒಮ್ಮೆ ಓಡಿಸಿ. ರೆಡಿಸ್‌ನ ಟೆಸ್ಟ್‌ಗಳು ಟಿಕಲ್ ಭಾಷೆಯಲ್ಲಿವೆ, ಆವೃತ್ತಿ 8.5 ಅಥವಾ ಮೇಲಿನದು ಬೇಕು. "ರನ್‌ಟೆಸ್ಟ್ --ಸಿಂಗಲ್ ಯೂನಿಟ್/ಎಕ್ಸ್‌ಪೈರ್" ಎಂದರೆ ಒಂದೇ ಕಡತದ ಟೆಸ್ಟ್‌ಗಳು ಓಡುತ್ತವೆ. ನೀವು ಏನನ್ನೂ ಮುಟ್ಟುವ ಮೊದಲೇ ಬೀಳುತ್ತಿರುವ ಟೆಸ್ಟ್‌ಗಳಿದ್ದರೆ ಅವುಗಳ ಪಟ್ಟಿ ಬರೆದಿಟ್ಟುಕೊಳ್ಳಿ. ನಾಳೆ ಅವು ನಿಮ್ಮ ತಪ್ಪಿನಂತೆ ಕಾಣುತ್ತವೆ.

ಸರ್ವರ್ ಶುರುಮಾಡುವಾಗ "--ಪೋರ್ಟ್ 7777 --ಸೇವ್ ''" ಎಂದು ಕೊಡಿ. ರೆಡಿಸ್‌ನ ಮಾಮೂಲಿ ಪೋರ್ಟ್ 6379. ನಿಮ್ಮ ಯಂತ್ರದಲ್ಲಿ ಈಗಾಗಲೇ ಒಂದು ರೆಡಿಸ್ ಓಡುತ್ತಿದ್ದರೆ ನೀವು ಆಜ್ಞೆ ಕಳಿಸುತ್ತಿರುವುದು ಅದಕ್ಕೋ, ನೀವು ಬಿಲ್ಡ್ ಮಾಡಿದ್ದಕ್ಕೋ ಗೊತ್ತಾಗುವುದಿಲ್ಲ. ಖಾಲಿ ಸೇವ್ ಎಂದರೆ ಹಿನ್ನೆಲೆಯಲ್ಲಿ ಡಿಸ್ಕ್‌ಗೆ ಪ್ರತಿ ಇಳಿಸುವ ಕೆಲಸ ತಾನಾಗಿ ಶುರುವಾಗುವುದಿಲ್ಲ. ಡಿಬಗರ್ ಮುಂದೆ ಕೂತಾಗ ಅಷ್ಟು ಗದ್ದಲ ಕಡಿಮೆ.

ಹತ್ತು ನಿಮಿಷದ ನಕ್ಷೆ

ಫೋಲ್ಡರ್‌ಗಳನ್ನು ಒಮ್ಮೆ ನೋಡಿ. "ಡೆಪ್ಸ್" ಒಳಗೆ ಜೆಮ್ಯಾಲಕ್ (ಮೆಮೊರಿ ಹಂಚಿಕೊಡುವ ಲೈಬ್ರರಿ), ಲುವಾ, ಹೈರೆಡಿಸ್, ಲೈನ್‌ನಾಯ್ಸ್ ಇವೆ: ಹೊರಗಿನಿಂದ ತಂದವು ಅಥವಾ ಪ್ರತ್ಯೇಕ ಲೈಬ್ರರಿಗಳು. ಅವನ್ನು ಬದಿಗಿಡಿ. ಸಾಲು ಎಣಿಸುವಾಗಲೂ ಹುಡುಕುವಾಗಲೂ ಈ ಫೋಲ್ಡರ್ ಹೊರಗಿರಲಿ, ಇಲ್ಲವಾದರೆ ನಿಮ್ಮ ಅಂದಾಜು ಪೂರ್ತಿ ಹಾಳು. ಉಳಿದ ತಿರುಳೆಲ್ಲ "ಎಸ್‌ಆರ್‌ಸಿ" ಎಂಬ ಒಂದೇ ಚಪ್ಪಟೆ ಫೋಲ್ಡರ್‌ನಲ್ಲಿದೆ.

ಚಪ್ಪಟೆ ಫೋಲ್ಡರ್‌ನಲ್ಲಿ ಹೆಸರೇ ದಾರಿದೀಪ. "ಟಿ_" ಎಂದು ಶುರುವಾಗುವ ಫೈಲ್‌ಗಳು ಡೇಟಾ ವಿಧಗಳು: ಟಿ_ಸ್ಟ್ರಿಂಗ್, ಟಿ_ಹ್ಯಾಶ್, ಟಿ_ಜೆಡ್‌ಸೆಟ್. ನೆಟ್‌ವರ್ಕಿಂಗ್.ಸಿ ಕ್ಲೈಂಟ್‌ಗಳೊಂದಿಗೆ ಮಾತಾಡುತ್ತದೆ. ಎಇ.ಸಿ ಈವೆಂಟ್ ಲೂಪ್, ಅಂದರೆ ಹೊಸ ಕೆಲಸ ಬರುವವರೆಗೆ ಕಾದು, ಬಂದದ್ದನ್ನು ನಡೆಸಿ, ಮತ್ತೆ ಕಾಯುವ ಸುತ್ತು. ಆರ್‌ಡಿಬಿ.ಸಿ ಮತ್ತು ಎಒಎಫ್.ಸಿ ಡಿಸ್ಕ್‌ಗೆ ಬರೆಯುತ್ತವೆ: ಮೊದಲನೆಯದು ಡೇಟಾದ ಪೂರ್ತಿ ಪ್ರತಿಯನ್ನು, ಎರಡನೆಯದು ಡೇಟಾ ಬದಲಿಸಿದ ಆಜ್ಞೆಗಳ ದಾಖಲೆಯನ್ನು. ಡಿಕ್ಟ್.ಸಿ ಹ್ಯಾಶ್ ಟೇಬಲ್, ಎಸ್‌ಡಿಎಸ್.ಸಿ ಸ್ಟ್ರಿಂಗ್ ಲೈಬ್ರರಿ.

ನಕ್ಷೆ ಇನ್ನೂ ನಿಖರವಾಗಬೇಕಾದರೆ ಗಿಟ್ ಕೇಳಿ. ಕಳೆದ ಎರಡು ವರ್ಷದ ಕಮಿಟ್‌ಗಳಲ್ಲಿ ಬದಲಾದ ಫೈಲ್ ಹೆಸರುಗಳನ್ನು ಮಾತ್ರ ತೆಗೆದು, ಸಾರ್ಟ್ ಮಾಡಿ, ಯೂನಿಕ್‌ನಿಂದ ಎಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೊದಲ ಇಪ್ಪತ್ತು ನೋಡಿ. ಹೆಚ್ಚು ಸಲ ಬದಲಾಗುವ ಫೈಲ್‌ಗಳೇ ಈ ಮನೆಯ ನಡುಮನೆ. ಯಾವಾಗಲೂ ಒಂದೇ ಕಮಿಟ್‌ನಲ್ಲಿ ಜೊತೆಯಾಗಿ ಬದಲಾಗುವ ಫೈಲ್ ಜೋಡಿಗಳನ್ನೂ ಗಮನಿಸಿ. ಕೋಡ್‌ನಲ್ಲಿ ನೇರ ಸಂಬಂಧ ಕಾಣದಿದ್ದರೂ ಅವುಗಳ ನಡುವೆ ಏನೋ ಕರಾರು ಇದೆ ಎಂದರ್ಥ.

ಡೇಟಾ ರಚನೆ ಮೊದಲು, ಫಂಕ್ಷನ್ ಆಮೇಲೆ

ಫಂಕ್ಷನ್‌ಗಳು ಸಾವಿರಾರು, ಮುಖ್ಯ ರಚನೆಗಳು ಬೆರಳೆಣಿಕೆಯಷ್ಟು. ಸರ್ವರ್.ಎಚ್ ಫೈಲ್‌ನಲ್ಲಿ ಐದನ್ನು ಹುಡುಕಿ: ರೆಡಿಸ್‌ಸರ್ವರ್, ಕ್ಲೈಂಟ್, ರೆಡಿಸ್‌ಡಿಬಿ, ರೆಡಿಸ್‌ಕಮಾಂಡ್ ಮತ್ತು ರೆಡಿಸ್‌ಆಬ್ಜೆಕ್ಟ್. ರೆಡಿಸ್‌ಸರ್ವರ್ ರಚನೆ ಭಾರಿ ಉದ್ದ. ಅದರ ಎಲ್ಲ ಫೀಲ್ಡ್ ಓದಬೇಡಿ, ಗುಂಪುಗಳ ತಲೆಬರಹದ ಕಾಮೆಂಟ್‌ಗಳನ್ನು ಮಾತ್ರ ಓದಿ. ರೆಡಿಸ್‌ಆಬ್ಜೆಕ್ಟ್ ಚಿಕ್ಕದು, ಅದನ್ನು ಮಾತ್ರ ಪೂರ್ತಿ ಓದಿ: ವಿಧಕ್ಕೆ 4 ಬಿಟ್, ಎನ್‌ಕೋಡಿಂಗ್‌ಗೆ 4 ಬಿಟ್, ಎಲ್‌ಆರ್‌ಯುಗೆ 24 ಬಿಟ್ (ಕೊನೆಯ ಸಲ ಬಳಸಿದ ಸಮಯದ ಗುರುತು), ಮೇಲೆ ಒಂದು ರೆಫರೆನ್ಸ್ ಎಣಿಕೆ, ಒಂದು ಪಾಯಿಂಟರ್. 64-ಬಿಟ್ ಯಂತ್ರದಲ್ಲಿ ಒಟ್ಟು 16 ಬೈಟ್.

ಇಲ್ಲೇ ಮೊದಲ ಪರೀಕ್ಷೆ ಮಾಡಬಹುದು. ಚಿಕ್ಕ ಸ್ಟ್ರಿಂಗ್‌ಗಳನ್ನು ರೆಡಿಸ್ "ಎಂಬ್‌ಎಸ್‌ಟಿಆರ್" ಎಂಬ ಎನ್‌ಕೋಡಿಂಗ್‌ನಲ್ಲಿ, ಆಬ್ಜೆಕ್ಟ್ ಮತ್ತು ಸ್ಟ್ರಿಂಗ್ ಎರಡನ್ನೂ ಒಂದೇ ತುಂಡು ಮೆಮೊರಿಯಲ್ಲಿ ಇಡುತ್ತದೆ. ಮಿತಿ 44 ಬೈಟ್. ಯಾಕೆ 44? ಆಬ್ಜೆಕ್ಟ್‌ಗೆ 16, ಎಸ್‌ಡಿಎಸ್ ಶಿರೋಭಾಗಕ್ಕೆ 3, ಕೊನೆಯ ಶೂನ್ಯಕ್ಕೆ 1, ಜೊತೆಗೆ 44: ಒಟ್ಟು ಸರಿಯಾಗಿ 64. ಜೆಮ್ಯಾಲಕ್ ಕೊಡುವ ತುಂಡುಗಳಲ್ಲಿ 64 ಬೈಟ್‌ನದೂ ಒಂದು, ಆದ್ದರಿಂದ ಒಂದು ಬೈಟೂ ವ್ಯರ್ಥವಾಗುವುದಿಲ್ಲ.

ಕನ್ನಡಿಗರಿಗೆ ಇದನ್ನು ಪರೀಕ್ಷಿಸಲು ಸೊಗಸಾದ ದಾರಿಯಿದೆ. ಒಂದು ಕೀಗೆ "ಕನ್ನಡ" ಎಂಬ ಪದವನ್ನು ಸೆಟ್ ಮಾಡಿ "ಸ್ಟ್ರ್‌ಲೆನ್" ಕೇಳಿ. ಕಣ್ಣಿಗೆ ಮೂರು ಅಕ್ಷರ, ಉತ್ತರ 15. ಕ, ನ, ವಿರಾಮ (ಒತ್ತಕ್ಷರ ಮಾಡುವ '್' ಚಿಹ್ನೆ), ನ, ಡ ಎಂಬ ಐದು ಕೋಡ್‌ಪಾಯಿಂಟ್‌ಗಳು, ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ 3 ಬೈಟ್. ಈಗ ಆ ಪದವನ್ನು ಮೂರು ಸಲ ಕೂಡಿಸಿ ಬರೆದರೆ 45 ಬೈಟ್. "ಆಬ್ಜೆಕ್ಟ್ ಎನ್‌ಕೋಡಿಂಗ್" ಕೇಳಿದರೆ "ರಾ" ಎನ್ನುತ್ತದೆ. ಕೊನೆಯ ಡ ತೆಗೆದು ಹೊಸದಾಗಿ ಸೆಟ್ ಮಾಡಿ: 42 ಬೈಟ್, "ಎಂಬ್‌ಎಸ್‌ಟಿಆರ್". ರೆಡಿಸ್‌ಗೆ ಲಿಪಿ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು ಎಂಬುದು ಹೀಗೆ ಕೈಯಾರೆ ಮನದಟ್ಟಾಗುತ್ತದೆ. (ಗೆಟ್ ಮಾಡಿದಾಗ ಕನ್ನಡದ ಬದಲು ಹೆಕ್ಸ್ ಸಂಕೇತಗಳು ಕಂಡರೆ ಗಾಬರಿ ಬೇಡ, ಕ್ಲೈಂಟನ್ನು "--ರಾ" ಆಯ್ಕೆಯೊಂದಿಗೆ ಶುರುಮಾಡಿ.)

ಒಂದು ಆಜ್ಞೆಯ ಬೆನ್ನು ಹತ್ತಿ

ಇಡೀ ಕೆಲಸದ ಜೀವಾಳ ಈ ಹಂತ. ಅರ್ಧ ದಿನ ಇದಕ್ಕೇ ಮೀಸಲಿಡಿ. ಪ್ರಶ್ನೆ: ಕ್ಲೈಂಟ್ "ಸೆಟ್ ಊರು ಧಾರವಾಡ" ಎಂದು ಕಳಿಸಿದಾಗಿನಿಂದ "ಓಕೆ" ಹಿಂತಿರುಗುವವರೆಗೆ ಏನೇನು ನಡೆಯುತ್ತದೆ?

ಕಾಗದದ ಮೇಲೆ ನಿಮ್ಮ ಊಹೆ ಬರೆಯಿರಿ: ಸಾಕೆಟ್ ಓದುವುದು, ಪದಗಳಾಗಿ ಒಡೆಯುವುದು, ಆಜ್ಞೆ ಹುಡುಕುವುದು, ನಡೆಸುವುದು, ಉತ್ತರ ಬರೆಯುವುದು. ನಂತರ ಗ್ರೆಪ್‌ನಲ್ಲಿ ಸೆಟ್‌ಕಮಾಂಡ್ ಎಂಬ ಫಂಕ್ಷನ್ ಹುಡುಕಿ. ಟಿ_ಸ್ಟ್ರಿಂಗ್.ಸಿಯಲ್ಲಿ ವ್ಯಾಖ್ಯೆ ಸಿಗುತ್ತದೆ, ಸರ್ವರ್.ಎಚ್‌ನಲ್ಲಿ ಘೋಷಣೆ ಸಿಗುತ್ತದೆ. ಅದನ್ನು ನೇರವಾಗಿ ಕರೆಯುವ ಸಾಲು ಮಾತ್ರ ಎಲ್ಲೂ ಇಲ್ಲ.

ಇಲ್ಲಿ ಹಲವರು ಕಂಗಾಲಾಗುತ್ತಾರೆ. ಕಾರಣ ಫಂಕ್ಷನ್ ಪಾಯಿಂಟರ್, ಅಂದರೆ ಫಂಕ್ಷನ್‌ನ ವಿಳಾಸ ಹಿಡಿದಿಟ್ಟ ವೇರಿಯಬಲ್. ಆಜ್ಞೆಯ ಹೆಸರು ಮತ್ತು ಫಂಕ್ಷನ್ ಜೋಡಿಯಾಗಿ ಒಂದು ಕೋಷ್ಟಕದಲ್ಲಿ ಕೂತಿವೆ. "ಕಾಲ್" ಎಂಬ ಫಂಕ್ಷನ್ ಆ ಕೋಷ್ಟಕದಿಂದ ಸಿಕ್ಕ ಪಾಯಿಂಟರನ್ನು ಕರೆಯುತ್ತದೆ. 7.0 ಆವೃತ್ತಿಯಿಂದ ಈ ಕೋಷ್ಟಕವನ್ನು ಕೈಯಿಂದ ಬರೆಯುವುದಿಲ್ಲ: ಎಸ್‌ಆರ್‌ಸಿಯೊಳಗಿನ "ಕಮಾಂಡ್ಸ್" ಫೋಲ್ಡರ್‌ನಲ್ಲಿ ಆಜ್ಞೆಗೊಂದರಂತೆ ಜೇಸನ್ ಫೈಲ್‌ಗಳಿವೆ, ಪೈಥಾನ್ ಸ್ಕ್ರಿಪ್ಟ್ ಅವುಗಳಿಂದ ಸಿ ಕೋಡ್ ತಯಾರಿಸುತ್ತದೆ. ತಯಾರಾದ ಫೈಲನ್ನೇ ತಿದ್ದಿದರೆ ಮುಂದಿನ ಸಲ ಅದು ಮತ್ತೆ ತಯಾರಾದಾಗ ನಿಮ್ಮ ತಿದ್ದುಪಡಿ ಮಾಯ. ಯಾವುದೇ ಕೋಡ್‌ಬೇಸ್‌ನಲ್ಲಿ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ಮನುಷ್ಯರು ಬರೆದದ್ದು ಯಾವುದು, ಯಂತ್ರ ಬರೆದದ್ದು ಯಾವುದು? ಜಾವಾ ಸ್ಪ್ರಿಂಗ್‌ನಲ್ಲಿ ಆನೊಟೇಶನ್, ಜ್ಯಾಂಗೊದಲ್ಲಿ ಯುಆರ್‌ಎಲ್ ಪಟ್ಟಿ ಮತ್ತು ಸಿಗ್ನಲ್‌ಗಳು ಕರೆಯುವವರನ್ನು ಇದೇ ರೀತಿ ಮರೆಮಾಡುತ್ತವೆ. ಗ್ರೆಪ್ ಕೈಕೊಡುವ ಜಾಗಗಳಲ್ಲಿ ಡಿಬಗರ್ ಬೇಕು.

ಸರ್ವರನ್ನು ಜಿಡಿಬಿ ಎಂಬ ಡಿಬಗರ್ ಒಳಗೆ ಶುರುಮಾಡಿ, ಸೆಟ್‌ಕಮಾಂಡ್ ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು ಓಡಲು ಬಿಡಿ. ಇನ್ನೊಂದು ಟರ್ಮಿನಲ್‌ನಿಂದ 7777 ಪೋರ್ಟ್‌ಗೆ ಸೆಟ್ ಆಜ್ಞೆ ಕಳಿಸಿ. ಡಿಬಗರ್ ನಿಂತಾಗ "ಬಿಟಿ" ಎಂದು ಒತ್ತಿದರೆ ಹತ್ತು-ಹನ್ನೊಂದು ಸಾಲಿನ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿ: ಮೇನ್, ಎಇಮೇನ್, ಎಇಪ್ರೊಸೆಸ್‌ಈವೆಂಟ್ಸ್, ಸಾಕೆಟ್ ಹ್ಯಾಂಡ್ಲರ್‌ಗಳು, ರೀಡ್‌ಕ್ವೆರಿಫ್ರಮ್‌ಕ್ಲೈಂಟ್, ಪ್ರೊಸೆಸ್‌ಇನ್‌ಪುಟ್‌ಬಫರ್, ಪ್ರೊಸೆಸ್‌ಕಮಾಂಡ್, ಕಾಲ್, ಸೆಟ್‌ಕಮಾಂಡ್. ದಿನವಿಡೀ ಹುಡುಕಿದರೂ ಕಟ್ಟಲಾಗದ ಸರಪಳಿ ಒಂದೇ ಆಜ್ಞೆಗೆ ಕೈಗೆ ಬಂತು. ಇದನ್ನು ನಿಮ್ಮ ಟಿಪ್ಪಣಿಗೆ ಅಂಟಿಸಿಕೊಳ್ಳಿ.

ಒಂದು ಎಚ್ಚರಿಕೆ. ಬ್ರೇಕ್‌ಪಾಯಿಂಟನ್ನು ಪ್ರೊಸೆಸ್‌ಕಮಾಂಡ್ ಮೇಲೆ ಇಟ್ಟು, ಕ್ಲೈಂಟನ್ನು ಸಂವಾದ ರೂಪದಲ್ಲಿ ತೆರೆದರೆ ನೀವು ಏನೂ ಬರೆಯುವ ಮೊದಲೇ ಡಿಬಗರ್ ನಿಲ್ಲಬಹುದು. ಆಜ್ಞೆಗಳ ಸಹಾಯ ಮಾಹಿತಿ ಕೊಡು ಎಂದು ಕ್ಲೈಂಟ್ ತಾನೇ ಸರ್ವರನ್ನು ಕೇಳುತ್ತದೆ, ಆ ಕೋರಿಕೆಯೇ ನಿಮ್ಮ ಬ್ರೇಕ್‌ಪಾಯಿಂಟ್‌ಗೆ ಸಿಕ್ಕಿಬಿದ್ದಿರುತ್ತದೆ. ಆಜ್ಞೆಯನ್ನು ಕ್ಲೈಂಟ್ ಕರೆಯುವ ಸಾಲಿನಲ್ಲೇ ಕೊಟ್ಟರೆ ಈ ಗೊಂದಲ ಇಲ್ಲ.

ಈಗ ಸರಪಳಿಯ ಪ್ರತಿ ಕೊಂಡಿಯನ್ನೂ ಓದಿ, ಆದರೆ ಎಲ್ಲವನ್ನೂ ಒಂದೇ ಆಳದಲ್ಲಲ್ಲ. ಪ್ರೊಸೆಸ್‌ಕಮಾಂಡ್ ಉದ್ದನೆಯ ಫಂಕ್ಷನ್. ಅದರ ಕಾಮೆಂಟ್ ಮತ್ತು "ಇಫ್" ಷರತ್ತುಗಳನ್ನು ಮಾತ್ರ ಓದಿದರೆ ಅದು ಒಂದು ಚೆಕ್‌ಪೋಸ್ಟ್ ಎಂದು ತಿಳಿಯುತ್ತದೆ: ಆಜ್ಞೆ ಇದೆಯೇ, ಆರ್ಗ್ಯುಮೆಂಟ್ ಎಣಿಕೆ ಸರಿಯೇ, ಲಾಗಿನ್ ಆಗಿದೆಯೇ, ಅನುಮತಿ ಇದೆಯೇ, ಈ ಕೀ ಬೇರೆ ಕ್ಲಸ್ಟರ್ ನೋಡ್‌ಗೆ ಸೇರಿದ್ದೇ, ಮೆಮೊರಿ ಮಿತಿ ಮೀರಿದೆಯೇ, ಇದು ಓದಲು ಮಾತ್ರ ಇರುವ ರೆಪ್ಲಿಕಾವೇ (ಮುಖ್ಯ ಸರ್ವರ್‌ನ ಡೇಟಾ ನಕಲಿಟ್ಟುಕೊಂಡ ಇನ್ನೊಂದು ಸರ್ವರ್), ಮಲ್ಟಿ (ಹಲವು ಆಜ್ಞೆಗಳನ್ನು ಒಟ್ಟಿಗೆ ನಡೆಸುವ ಗುಂಪು) ನಡುವೆ ಇದ್ದೇವೆಯೇ. ಎಲ್ಲ ದಾಟಿದರೆ "ಕಾಲ್".

"ಕಾಲ್" ಒಳಗೆ ಒಂದು ಜಾಣ ತಂತ್ರವಿದೆ. ಆಜ್ಞೆ ನಡೆಸುವ ಮುಂಚೆ ಮತ್ತು ನಂತರ "ಡರ್ಟಿ" ಎಂಬ ಎಣಿಕೆಯನ್ನು ಹೋಲಿಸುತ್ತದೆ. ಡೇಟಾ ಬದಲಿಸಿದ ಆಜ್ಞೆ ಆ ಎಣಿಕೆ ಏರಿಸಿರುತ್ತದೆ. ಏರಿದ್ದರೆ ಆಜ್ಞೆಯನ್ನು ಎಒಎಫ್ ಕಡತಕ್ಕೂ ರೆಪ್ಲಿಕಾಗಳಿಗೂ ಕಳಿಸಬೇಕೆಂದು ಗೊತ್ತಾಗುತ್ತದೆ. ಹೊಸ ಆಜ್ಞೆ ಬರೆದವರು ಈ ಒಂದು ಏರಿಕೆ ಮರೆತರೆ ಸರ್ವರ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ರೆಪ್ಲಿಕಾದಲ್ಲಿ ಮಾತ್ರ ಡೇಟಾ ಇರುವುದಿಲ್ಲ.

ಊಹೆ ತಪ್ಪುವ ಜಾಗದಲ್ಲಿ ನಿಲ್ಲಿ

ಸೆಟ್‌ಕಮಾಂಡ್ ಕೊನೆಗೆ "ಓಕೆ" ಉತ್ತರ ಕೊಡಲು ಆಡ್‌ರಿಪ್ಲೈ ಕರೆಯುತ್ತದೆ. ಅಲ್ಲೇ ಸಾಕೆಟ್‌ಗೆ ಬರೆಯುತ್ತದೆ ಎಂದು ನೀವು ಊಹಿಸಿರುತ್ತೀರಿ. ರೈಟ್‌ಟುಕ್ಲೈಂಟ್ ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು ಬಿಟಿ ನೋಡಿ: ಸರಪಳಿಯಲ್ಲಿ ಸೆಟ್‌ಕಮಾಂಡ್ ಇಲ್ಲವೇ ಇಲ್ಲ! ಬದಲಿಗೆ ಬಿಫೋರ್‌ಸ್ಲೀಪ್ ಎಂಬ ಫಂಕ್ಷನ್ ಇದೆ. ಆಡ್‌ರಿಪ್ಲೈ ಮಾಡುವುದು ಇಷ್ಟೇ: ಉತ್ತರವನ್ನು ಕ್ಲೈಂಟ್‌ನ ಬಫರ್‌ಗೆ ಹಾಕಿ, ಆ ಕ್ಲೈಂಟನ್ನು ಬಾಕಿ ಪಟ್ಟಿಗೆ ಸೇರಿಸುತ್ತದೆ. ಈವೆಂಟ್ ಲೂಪ್ ಮುಂದಿನ ಸಲ ಕಾಯಲು ಕೂರುವ ಮುನ್ನ ಬಿಫೋರ್‌ಸ್ಲೀಪ್ ಪಟ್ಟಿಯನ್ನೆಲ್ಲ ಖಾಲಿಮಾಡುತ್ತದೆ.

ಯಾಕೆ ಹೀಗೆ? ಬಿಫೋರ್‌ಸ್ಲೀಪ್‌ನ ಕ್ರಮ ನೋಡಿ: ಮೊದಲು ಎಒಎಫ್ ಬಫರನ್ನು ಡಿಸ್ಕ್‌ಗೆ ಬರೆಯುತ್ತದೆ, ನಂತರ ಕ್ಲೈಂಟ್‌ಗಳಿಗೆ ಉತ್ತರ ಕೊಡುತ್ತದೆ. "ಅಪೆಂಡ್‌ಎಫ್‌ಸಿಂಕ್ ಆಲ್ವೇಸ್" (ಪ್ರತಿ ಬರಹವನ್ನೂ ಕೂಡಲೇ ಡಿಸ್ಕ್‌ಗೆ ಸೇರಿಸುವ ಆಯ್ಕೆ) ಎಂದು ಇಟ್ಟವರಿಗೆ ಕೊಟ್ಟ ಮಾತು ಈ ಎರಡು ಸಾಲುಗಳ ಕ್ರಮದಲ್ಲಿದೆ: ಓಕೆ ಎಂದ ಮೇಲೆ ಡೇಟಾ ಡಿಸ್ಕ್‌ನಲ್ಲಿ ಇರಲೇಬೇಕು. ಯಾರಾದರೂ ವೇಗದ ನೆಪದಲ್ಲಿ ಈ ಸಾಲುಗಳನ್ನು ಅದಲು-ಬದಲು ಮಾಡಿದರೆ ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ಕರೆಂಟ್ ಹೋದ ದಿನ ಮಾತ್ರ ಮಾತು ಮುರಿದಿರುವುದು ತಿಳಿಯುತ್ತದೆ. ಊಹೆ ತಪ್ಪಿದ ಜಾಗದಲ್ಲೇ ಕೋಡ್‌ಬೇಸ್‌ನ ವಿನ್ಯಾಸ ಅಡಗಿರುತ್ತದೆ, ಆದ್ದರಿಂದ ಅಲ್ಲಿ ಅವಸರ ಬೇಡ.

ಗಡಿಯಾರದಿಂದ ನಡೆಯುವ ಕೆಲಸಗಳು

ಕ್ಲೈಂಟ್ ಕೇಳಿದ್ದಕ್ಕೆ ನಡೆಯುವುದು ಅರ್ಧ, ಯಾರೂ ಕೇಳದೆ ನಡೆಯುವುದು ಇನ್ನರ್ಧ. ಹೊಸಬರ ಕಣ್ಣಿಗೆ ಈ ಅರ್ಧ ಬೀಳುವುದೇ ಇಲ್ಲ. ಯಾವುದೇ ಕೋಡ್‌ಬೇಸ್‌ನಲ್ಲಿ ಕ್ರಾನ್, ಟೈಮರ್, ಕ್ಯೂ ವರ್ಕರ್, ಹಿನ್ನೆಲೆ ಥ್ರೆಡ್‌ಗಳನ್ನು ಪ್ರತ್ಯೇಕವಾಗಿ ಹುಡುಕಿ ಪಟ್ಟಿ ಮಾಡಿ. ರೆಡಿಸ್‌ನಲ್ಲಿ ಸರ್ವರ್‌ಕ್ರಾನ್ ಇದೆ. ಮಾಮೂಲಿಯಾಗಿ ಸೆಕೆಂಡಿಗೆ 10 ಸಲ ನಡೆಯುತ್ತದೆ.

ಇದಕ್ಕೊಂದು ಒಳ್ಳೆಯ ಪ್ರಶ್ನೆ: ಅವಧಿ ಮುಗಿದ ಕೀ ನಿಜಕ್ಕೂ ಯಾವಾಗ ಅಳಿಯುತ್ತದೆ? ಉತ್ತರ ಎರಡು. ಯಾರಾದರೂ ಆ ಕೀ ಕೇಳಿದಾಗ ಎಕ್ಸ್‌ಪೈರ್‌ಇಫ್‌ನೀಡೆಡ್ ಅಳಿಸುತ್ತದೆ. ಯಾರೂ ಕೇಳದಿದ್ದರೆ ಆಕ್ಟಿವ್‌ಎಕ್ಸ್‌ಪೈರ್‌ಸೈಕಲ್ ಒಂದು ಸುತ್ತಿಗೆ ಸುಮಾರು 20 ಕೀಗಳನ್ನು ಪರಿಶೀಲಿಸುತ್ತದೆ. ಅವುಗಳಲ್ಲಿ 10% ಮೀರಿ ಅವಧಿ ಮುಗಿದವು ಸಿಕ್ಕರೆ ಸಮಯದ ಮಿತಿಯೊಳಗೆ ಇನ್ನೊಂದು ಸುತ್ತು ಹಾಕುತ್ತದೆ.

ಇದನ್ನು ನೋಡಲು ಕೋಡ್ ತಿದ್ದಬೇಕಿಲ್ಲ. ಸರ್ವರನ್ನು "--ಎನೇಬಲ್-ಡಿಬಗ್-ಕಮಾಂಡ್ ಲೋಕಲ್" ಎಂದು ಶುರುಮಾಡಿ (7.0ರಿಂದ ಡಿಬಗ್ ಆಜ್ಞೆ ಮಾಮೂಲಿಯಾಗಿ ಮುಚ್ಚಿರುತ್ತದೆ). "ಡಿಬಗ್ ಸೆಟ್-ಆಕ್ಟಿವ್-ಎಕ್ಸ್‌ಪೈರ್ 0" ಕೊಟ್ಟು ಎರಡನೆಯ ದಾರಿ ಮುಚ್ಚಿ. ಖಾಲಿ ಡೇಟಾಬೇಸ್‌ನಲ್ಲಿ ಒಂದು ಕೀಯನ್ನು 100 ಮಿಲಿಸೆಕೆಂಡ್ ಅವಧಿಯೊಂದಿಗೆ ಸೆಟ್ ಮಾಡಿ, ಒಂದು ಸೆಕೆಂಡ್ ಬಿಟ್ಟು ಡಿಬಿಸೈಜ್ (ಒಟ್ಟು ಕೀಗಳ ಸಂಖ್ಯೆ) ಕೇಳಿ: 1. ಈಗ ಗೆಟ್ ಮಾಡಿ: ನಿಲ್. ಮತ್ತೆ ಡಿಬಿಸೈಜ್: 0. ಓದುವ ಆಜ್ಞೆಯೊಂದು ಡೇಟಾಬೇಸನ್ನು ಬದಲಿಸಿದ್ದನ್ನು ಕಣ್ಣಾರೆ ಕಂಡಿರಿ. ಹಾಗಾದರೆ ರೆಪ್ಲಿಕಾದಲ್ಲಿ ಗೆಟ್ ಮಾಡಿದರೆ? ಅಲ್ಲಿ ಉತ್ತರ ನಿಲ್ ಎಂದೇ ಬರುತ್ತದೆ, ಆದರೆ ರೆಪ್ಲಿಕಾ ತಾನಾಗಿ ಅಳಿಸುವುದಿಲ್ಲ, ಮಾಸ್ಟರ್‌ನಿಂದ ಡಿಲೀಟ್ ಬರುವವರೆಗೆ ಕಾಯುತ್ತದೆ. ಎರಡೂ ಕಡೆ ಡೇಟಾ ಒಂದೇ ಆಗಿರಬೇಕಲ್ಲ. ಒಂದು ಪ್ರಶ್ನೆ ಇನ್ನೊಂದಕ್ಕೆ ಹೀಗೆ ದಾರಿ ತೋರಿಸುತ್ತದೆ.

"ಯಾಕೆ" ಎಂಬುದಕ್ಕೆ ಇತಿಹಾಸ

ಕೋಡ್ ಏನು ಮಾಡುತ್ತದೆ ಎಂದು ಡಿಬಗರ್ ಹೇಳುತ್ತದೆ, ಯಾಕೆ ಎಂದು ಕಮಿಟ್ ಸಂದೇಶ ಹೇಳುತ್ತದೆ. ಉದಾಹರಣೆಗೆ, ಡಿಸ್ಕ್‌ಗೆ ಉಳಿಸಲು ಚೈಲ್ಡ್ ಪ್ರೊಸೆಸ್ ಓಡುತ್ತಿರುವಾಗ ಹ್ಯಾಶ್ ಟೇಬಲ್ ಹಿಗ್ಗುವುದನ್ನು ರೆಡಿಸ್ ಆದಷ್ಟು ತಪ್ಪಿಸುತ್ತದೆ. ಬರೀ ಕೋಡ್ ಓದಿದರೆ ವಿಚಿತ್ರ ಎನಿಸುತ್ತದೆ. ಫೋರ್ಕ್ (ಪ್ರೊಸೆಸ್ ತನ್ನದೇ ನಕಲನ್ನು ಹುಟ್ಟಿಸುವ ಕ್ರಿಯೆ) ನಂತರ ಪೇರೆಂಟ್ ಮತ್ತು ಚೈಲ್ಡ್ ಮೆಮೊರಿ ಪುಟಗಳನ್ನು ಹಂಚಿಕೊಂಡಿರುತ್ತವೆ. ಟೇಬಲ್ ಹಿಗ್ಗಿಸಿದರೆ ಪುಟಗಳು ಬದಲಾಗಿ ಪ್ರತಿಯಾಗುತ್ತವೆ, ಮೆಮೊರಿ ಒಮ್ಮೆಲೇ ಏರುತ್ತದೆ. ಇದು ತಿಳಿದ ಮೇಲೆ ಆ ಷರತ್ತು ಸಹಜವಾಗಿ ಕಾಣುತ್ತದೆ.

ಬ್ಲೇಮ್ ಬಳಸುವಾಗ "-ಡಬ್ಲ್ಯೂ" ಮತ್ತು ದೊಡ್ಡಕ್ಷರದ "-ಸಿ" ಕೊಡಿ. ಮೊದಲನೆಯದು ಖಾಲಿ ಜಾಗದ ತಿದ್ದುಪಡಿಗಳನ್ನು ಕಡೆಗಣಿಸುತ್ತದೆ, ಎರಡನೆಯದು ಬೇರೆ ಫೈಲ್‌ನಿಂದ ಬಂದ ಸಾಲುಗಳ ಮೂಲ ಹುಡುಕುತ್ತದೆ. ಒಂದು ಪದ ಮೊದಲು ಯಾವಾಗ ಬಂತು, ಯಾವಾಗ ಹೋಯಿತು ಎಂದು ನೋಡಲು ಲಾಗ್‌ಗೆ ದೊಡ್ಡಕ್ಷರದ "-ಎಸ್" ಕೊಡಿ. ಸರ್ವರ್.ಸಿ ಫೈಲ್‌ನ ಲಾಗ್ 2015ಕ್ಕೆ ನಿಂತುಹೋದರೆ ಯೋಜನೆ ಆಗ ಶುರುವಾಯಿತೆಂದು ತಿಳಿಯಬೇಡಿ. ಅದುವರೆಗೆ ಆ ಫೈಲ್‌ನ ಹೆಸರು ರೆಡಿಸ್.ಸಿ ಆಗಿತ್ತು. "--ಫಾಲೋ" ಕೊಟ್ಟರೆ ಹೆಸರು ಬದಲಾದ ಗಡಿ ದಾಟಲು ಗಿಟ್ ಪ್ರಯತ್ನಿಸುತ್ತದೆ.

ಕಾಮೆಂಟ್‌ಗಳನ್ನು ನಂಬಿ, ಪರಿಶೀಲಿಸಿ. ಕೋಡ್ ಬದಲಾದಾಗ ಟೆಸ್ಟ್ ಬಿದ್ದು ಎಚ್ಚರಿಸುತ್ತದೆ, ಕಾಮೆಂಟ್ ಹಳತಾದರೆ ಎಚ್ಚರಿಸುವವರಿಲ್ಲ.

ಕೈಯಾಡಿಸಿ ನೋಡಿ

ತಿಳಿದಿದೆ ಎಂದು ಅನಿಸಿದ ಮೇಲೆ ಒಂದು ಹೊಸ ಆಜ್ಞೆ ಸೇರಿಸಿ. ಒಂದು ಸ್ಟ್ರಿಂಗ್ ಕೀಯಲ್ಲಿ ಎಷ್ಟು ಕೋಡ್‌ಪಾಯಿಂಟ್‌ಗಳಿವೆ ಎಂದು ಎಣಿಸುವ ಆಜ್ಞೆ ಸಾಕು: ಯುಟಿಎಫ್-8ರಲ್ಲಿ ಮುಂದುವರಿಕೆಯ ಬೈಟ್‌ಗಳನ್ನು ಬಿಟ್ಟು ಉಳಿದವನ್ನು ಎಣಿಸಬೇಕು, "ಕನ್ನಡ"ಕ್ಕೆ 5 ಬರಬೇಕು. ಸ್ಟ್ರ್‌ಲೆನ್‌ನ ಜೇಸನ್ ಫೈಲ್ ನಕಲು ಮಾಡಿ ಹೆಸರು ಬದಲಿಸಿ, ಟಿ_ಸ್ಟ್ರಿಂಗ್.ಸಿಯಲ್ಲಿ ಫಂಕ್ಷನ್ ಬರೆಯಿರಿ, ಸರ್ವರ್.ಎಚ್‌ನಲ್ಲಿ ಘೋಷಿಸಿ, ಮತ್ತೆ ಮೇಕ್ ಮಾಡಿ. ಪೈಥಾನ್ ಇಲ್ಲದ ಯಂತ್ರದಲ್ಲಿ ಕೋಷ್ಟಕ ಹೊಸದಾಗಿ ತಯಾರಾಗದೆ "ಅಪರಿಚಿತ ಆಜ್ಞೆ" ಎಂಬ ದೋಷ ಬರುತ್ತದೆ. ಸಂಖ್ಯೆಯಂಥ ಮೌಲ್ಯಗಳು ಇಂಟ್ ಎನ್‌ಕೋಡಿಂಗ್‌ನಲ್ಲಿ ಇರುತ್ತವೆ, ಅವುಗಳಲ್ಲಿ ಪಾಯಿಂಟರ್ ಜಾಗದಲ್ಲಿ ಸಂಖ್ಯೆಯೇ ಕೂತಿರುತ್ತದೆ. ಪಾಯಿಂಟರ್ ಎಂದು ತಿಳಿದು ಓದಿದರೆ ಸರ್ವರ್ ಕುಸಿಯುತ್ತದೆ. ಸ್ಟ್ರ್‌ಲೆನ್ ಇದನ್ನು ಹೇಗೆ ನಿಭಾಯಿಸಿದೆ ನೋಡಿ, ಅದೇ ದಾರಿ ಹಿಡಿಯಿರಿ.

ಕೊನೆಗೆ ಒಂದು ಪುಟದ ಟಿಪ್ಪಣಿ. ಅದನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಕಾಮೆಂಟನ್ನು ಹಾಗೇ ಎತ್ತಿ ಬರೆದರೆ ಅರ್ಥವಾಗದ್ದೂ ಅರ್ಥವಾದಂತೆ ಕಾಣುತ್ತದೆ, ಸ್ವಂತ ಮಾತಿನಲ್ಲಿ ಬರೆಯಲು ಹೊರಟರೆ ಎಲ್ಲಿ ಎಡವುತ್ತೀರೋ ಅಲ್ಲಿ ಇನ್ನೂ ತಿಳಿದಿಲ್ಲ ಎಂದು ಗೊತ್ತಾಗುತ್ತದೆ. ಪುಟದ ತಲೆಯಲ್ಲಿ ಕಮಿಟ್ ಹ್ಯಾಶ್, ಕೆಳಗೆ ಬ್ಯಾಕ್‌ಟ್ರೇಸ್ ಸರಪಳಿ, ಐದು ರಚನೆಗಳು, ಗಡಿಯಾರದ ಕೆಲಸಗಳ ಪಟ್ಟಿ, ತಪ್ಪಿದ ಊಹೆಗಳು ಮತ್ತು ಅವುಗಳ ಕಾರಣ. ಉತ್ತರ ಸಿಗದ ಪ್ರಶ್ನೆಗಳನ್ನು ಫೈಲ್ ಹೆಸರು, ಸಾಲು ಸಂಖ್ಯೆಯೊಂದಿಗೆ ಕೊನೆಯಲ್ಲಿ ಬರೆದಿಡಿ. ತಂಡದ ಹಿರಿಯರ ಹತ್ತಿರ ಹೋಗುವಾಗ ಆ ಪಟ್ಟಿ ಕೈಯಲ್ಲಿರಲಿ.